ಗಾಳಿ ಬಂದರೆ ನೆಟ್ ಹೋಗುತ್ತದೆ, ರೂಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಮನೆ. ಫೈಬರ್ ನೆಟ್ ಹಾಕಿಸಿ ಎರಡು ವರ್ಷ ಆಯಿತು. ಮಗಳು ಬೆಂಗಳೂರಿನ ಕೆಲಸ ಮನೆಯಿಂದಲೇ ಮಾಡುತ್ತಾಳೆ. ಈ ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ನೆಟ್ ಹೋಗುತ್ತದೆ, ಎರಡು ಮೂರು ನಿಮಿಷಕ್ಕೆ ತಾನೇ ಬರುತ್ತದೆ. ಸುಮ್ನೆ ಸುರಿಯುವ ಮಳೆಗೆ ಏನೂ ಆಗುವುದಿಲ್ಲ, ಗಾಳಿ ಎದ್ದರೆ ಮಾತ್ರ. ಮೆತ್ತಿಯ ಮೇಲಿನ ಕೋಣೆಯಲ್ಲಂತೂ ಯಾವಾಗಲೂ ನಿಧಾನ. ರೂಟರ್ ಹಳೆಯದಾಯಿತು, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಬೇಕಾ?

ಉತ್ತರ: ಅಕ್ಕಾ, ಈಗಲೇ ದುಡ್ಡು ಹಾಕಬೇಡಿ. ನಾನು ಈ ಕಡೆ ಫೈಬರ್ ಎಳೆಯುವ, ಜೋಡಿಸುವ ಕೆಲಸದವನು. ನೀವು ಹೇಳಿದ್ದರಲ್ಲಿ ಎರಡು ತೊಂದರೆ ಇವೆ, ಒಂದಕ್ಕೊಂದು ಸಂಬಂಧ ಇಲ್ಲ.

ಮುಂದಿನ ಸಲ ನೆಟ್ ಹೋದಾಗ ಫೋನ್ ನೋಡಬೇಡಿ, ಫೈಬರ್ ಬಂದು ಸೇರುವ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ಅಂತ ಬರೆದಲ್ಲಿ ಕೆಂಪು ದೀಪ ಹತ್ತಿದ್ದರೆ, ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಆಗ ಎಷ್ಟು ಒಳ್ಳೆಯ ರೂಟರ್ ತಂದರೂ ಪ್ರಯೋಜನ ಇಲ್ಲ. ಬೆಳಕು ಒಂದು ಕ್ಷಣ ತಪ್ಪಿದರೂ ಡಬ್ಬಿ ಮತ್ತೆ ಮೊದಲಿನಿಂದ ಲಾಗಿನ್ ಆಗಬೇಕು, ನಿಮಗೆ ಎರಡು ಮೂರು ನಿಮಿಷ ಹಿಡಿಯುವುದು ಅದಕ್ಕೇ ಇರಬೇಕು.

ಇನ್ನೊಂದು, ಸೂಜಿ ಹಾಕಿ ಒತ್ತುವ ಆ ರೀಸೆಟ್ ಬಟನ್ ಮುಟ್ಟಲೇಬೇಡಿ. ಅದರೊಳಗಿರುವ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗಬಹುದು. ಆಮೇಲೆ ನಮ್ಮಂಥವರು ಬರುವ ತನಕ ಇದ್ದ ನೆಟ್ಟೂ ಇಲ್ಲ. ಬಂದ್ ಮಾಡಿ ಹಾಕುವುದು ಬೇರೆ, ರೀಸೆಟ್ ಬೇರೆ.

ಪ್ರಶ್ನೆ: ಇವತ್ತು ಮಧ್ಯಾಹ್ನ ನೋಡಿದೆ. ಗಾಳಿ ಬಂದಾಗ ಕೆಂಪು ದೀಪ ಮಿಣುಕಿತು, ನಿಂತ ಮೇಲೆ ಹೋಯಿತು. ಮಗಳು ಡಬ್ಬಿಯ ಸೆಟ್ಟಿಂಗ್ ಒಳಗೆ ಹೋಗಿ ನೋಡಿದಳು, ಆರ್‌ಎಕ್ಸ್ ಪವರ್ ಮೈನಸ್ 26 ಅಂತ ಇದೆಯಂತೆ. ವೈರು ಹಿತ್ತಲಿನ ಹಲಸಿನ ಮರದ ಕೊಂಬೆಗೆ ಕಟ್ಟಿ ಬಂದಿದೆ.

ಉತ್ತರ: ಸಿಕ್ಕಿತು ನೋಡಿ. ಆರ್‌ಎಕ್ಸ್ ಪವರ್ ಅಂದರೆ ಡಬ್ಬಿಗೆ ಬಂದು ಸೇರುವ ಬೆಳಕಿನ ಅಳತೆ. ಮೈನಸ್ 26 ಅಂದರೆ ಅಂಚಿನ ಮೇಲೆ ನಿಂತ ಹಾಗೆ, ಮೈನಸ್ 27, 28 ದಾಟಿದರೆ ಸಾಮಾನ್ಯ ಡಬ್ಬಿಗೆ ಬೆಳಕು ಸಾಲುವುದಿಲ್ಲ. ಈ ಲೆಕ್ಕದಲ್ಲಿ ಮೂರು ಇಳಿಯಿತು ಅಂದರೆ ಬೆಳಕು ಅರ್ಧ ಆಯಿತು ಅಂತ. ಒಳಗಿನ ಗಾಜಿನ ಎಳೆ ಹೆಚ್ಚುಕಡಿಮೆ ಕೂದಲಷ್ಟೇ ಸಪೂರ. ಅದು ತುಂಡಾಗಬೇಕು ಅಂತಿಲ್ಲ, ಜೋರಾಗಿ ಬಗ್ಗಿದರೂ ಬೆಳಕು ಬದಿಯಿಂದ ಸೋರಿ ಹೋಗುತ್ತದೆ. ಎರಡು ವರ್ಷದಲ್ಲಿ ಕೊಂಬೆ ದಪ್ಪ ಆಗಿರುತ್ತದೆ, ಕಟ್ಟು ಬಿಗಿದಿರುತ್ತದೆ, ಗಾಳಿಗೆ ಕೊಂಬೆ ತೂಗಿದಾಗಲೆಲ್ಲ ವೈರು ಅಲ್ಲೇ ಮಡಚುತ್ತದೆ. ನಮ್ಮ ಕಡೆ ಕಂಬ ಕಡಿಮೆ, ಬೆಟ್ಟದ ಮರಕ್ಕೇ ಕಟ್ಟಿಕೊಂಡು ಬರುತ್ತೇವೆ, ಹಾಗಾಗಿ ಮಳೆಗಾಲದಲ್ಲಿ ಇಂಥ ಕರೆಯೇ ಜಾಸ್ತಿ.

ಲೈನ್‌ಮನ್‌ಗೆ ಬರೇ 'ನೆಟ್ ಇಲ್ಲ' ಅಂತ ಹೇಳಬೇಡಿ. ಮೈನಸ್ 26 ಇದೆ, ಗಾಳಿಗೆ ಕೆಂಪು ದೀಪ ಬರುತ್ತದೆ, ಹಲಸಿನ ಮರದ ಹತ್ತಿರ ನೋಡಿ ಅಂತ ಹೇಳಿ. ಅವರು ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ. ಕಟ್ಟು ಸಡಿಲಿಸಿ, ಸ್ವಲ್ಪ ವೈರು ಹೆಚ್ಚು ಬಿಡಿಸಿಕೊಳ್ಳಿ. ಹೆಚ್ಚಿನ ವೈರನ್ನು ಬಳೆಗಿಂತ ಸಣ್ಣ ಸುತ್ತಾಗಿ ಸುತ್ತಬಾರದು. ಜೋಡಣೆಯ ಡಬ್ಬಿಗೆ ನೀರು ಹೋಗಿದೆಯಾ ಅಂತಲೂ ನೋಡಲು ಹೇಳಿ. ನೀವು ಫೈಬರ್ ತುದಿ ಬಿಚ್ಚಿ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ತೊಂದರೆ ಮಾಡಬಹುದು.

ಪ್ರಶ್ನೆ: ಮತ್ತೆ ಮೆತ್ತಿಯ ಕೋಣೆ?

ಉತ್ತರ: ಕೆಂಪುಕಲ್ಲಿನ ದಪ್ಪ ಗೋಡೆ ಅಲ್ವಾ? 5 ಗಿಗಾಹರ್ಟ್ಸ್ ವೈಫೈ ವೇಗ ಇದ್ದರೂ ಅಂಥ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ವೈಫೈ ದಾಟುತ್ತದೆ, ಆದರೆ ನಿಧಾನ. ಒಂದು ಲ್ಯಾನ್ ಕೇಬಲ್ ಮೇಲಕ್ಕೆ ಎಳೆಸಿ, 100 ಮೀಟರ್ ತನಕ ತೊಂದರೆ ಇಲ್ಲ. ಮಗಳ ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಸಿಡಿಲು ಶುರುವಾದರೆ ಅಡಾಪ್ಟರ್ ಪ್ಲಗ್‌ನಿಂದ ಕಿತ್ತಿಡಿ, ಲ್ಯಾನ್ ಕೇಬಲ್ಲೂ ತೆಗೆಯಿರಿ. ಲೈನ್‌ಮನ್ ಹೋಗುವ ಮೊದಲು ಆರ್‌ಎಕ್ಸ್ ಪವರ್ ಮತ್ತೊಮ್ಮೆ ನೋಡಿ ಇಲ್ಲಿ ಹಾಕಿ, ಮೈನಸ್ 22ರ ಆಸುಪಾಸಿಗೆ ಬಂದಿದ್ದರೆ ಮಾತ್ರ ಕೆಲಸ ಆಯಿತು ಅಂತ ಅವರನ್ನು ಕಳಿಸಿ.