ವೆಲಿಜರ್, ಸ್ಪ್ಯಾಟ್‌ಗೆ ಕನ್ನಡ ಪದ ಬೇಕು (ನಾಳೆ ಸಂಜೆ ಬೋರ್ಡ್ ಪ್ರಿಂಟಿಗೆ ಹೋಗುತ್ತೆ)

ಎಲ್ರಿಗೂ ನಮಸ್ಕಾರ. ಮಲ್ಪೆ ಕಡೆ ಶಾಲೆ ಮಕ್ಕಳು ನೋಡೋ ಹಾಗೆ ಪಚ್ಚಿಲೆ (ಕಡಲ ಬಂಡೆಗೆ ಅಂಟಿ ಬೆಳೆಯೋ ಚಿಪ್ಪುಜೀವಿ) ಬಗ್ಗೆ ಒಂದು ಬೋರ್ಡ್ ಬರೀತಿದೀನಿ. ಹೆಣ್ಣಿನ ಒಳಗೆ ಕಿತ್ತಳೆ ಕೆಂಪು, ಗಂಡಿನ ಒಳಗೆ ಕೆನೆಬಿಳಿ, ಮೊಟ್ಟೆ ವೀರ್ಯ ಎರಡೂ ನೀರಿಗೇ ಬಿಡ್ತಾವೆ, ಅಲ್ಲೇ ಸೇರ್ತಾವೆ, ಇಲ್ಲೀತನಕ ತೊಂದರೆ ಇಲ್ಲ. ಆಮೇಲೆ ಬೆಳೆಯೋ ಹಂತಗಳು: ಟ್ರೋಕೋಫೋರ್, ವೆಲಿಜರ್ (ಇವೆರಡೂ ನೀರಲ್ಲಿ ಈಜೋ ಎಳೆ ರೂಪ), ಕಾಲು ಮೂಡಿದ ಪೆಡಿವೆಲಿಜರ್, ಕೊನೆಗೆ ಬಂಡೆಗೆ ಅಂಟಿ ಕೂತ ಸ್ಪ್ಯಾಟ್. ವೆಲಿಜರ್‌ಗೆ ‘ಹಾಯಿಡಿಂಭ’ ಅಂತ ಹಾಕಿದೀನಿ, ಸರಿಯಾ? ಸ್ಪ್ಯಾಟ್‌ಗೆ ಏನೂ ಹೊಳೀತಿಲ್ಲ.

---

ಹಾಯಿಡಿಂಭ ಬೇಡ. ವೆಲಿಜರ್ ಅನ್ನೋ ಹೆಸರು ಬಂದ ಲ್ಯಾಟಿನ್ ವೇಲುಮ್‌ಗೆ ಹಾಯಿ, ಪರದೆ ಎರಡೂ ಅರ್ಥ ಇದೆ, ನೀವು ಹಾಯಿ ಹಿಡ್ಕೊಂಡ್ರಿ. ಆದ್ರೆ ಹಾಯಿ ಗಾಳಿ ತುಂಬ್ಕೊಂಡು ದೋಣಿ ಎಳೆಯೋ ಬಟ್ಟೆ, ನೀರೊಳಗಿನ ಮರಿಗೆ ಗಾಳಿ ಎಲ್ಲಿಂದ ಬರ್ಬೇಕು? ಚಿಪ್ಪಿಂದ ಆಚೆ ಚಾಚೋ ವೇಲುಮ್ ಅನ್ನೋ ತಟ್ಟೆ ಅಂಚಲ್ಲಿ ಸಣ್ಣ ರೋಮಗಳು ಬಡೀತಾ ಇರ್ತಾವೆ, ಈಜೋದೂ ಅದರಿಂದ, ಪಾಚಿ ಕಣ ಬಾಯಿಗೆ ತಳ್ಳೋದೂ ಅದರಿಂದ. ಅದು ದೋಣಿಗೆ ಹುಟ್ಟು ಹಾಕೋ ಥರದ ಕೆಲಸ. ಇನ್ನು ಡಿಂಭ ಸಂಸ್ಕೃತ, ಕೂಸು ಅಂತ ಅರ್ಥ. ಮರಿ ಅನ್ನೋ ಅಚ್ಚಗನ್ನಡ ಪದ ಇರುವಾಗ ಅದ್ಯಾಕೆ? ‘ಈಜುಮರಿ’ ಅನ್ನಿ, ಮುಗೀತು.

---

ಮುಗೀಲಿಲ್ಲ ಸರ್. ಮರಿ ಅಂದ್ರೆ ದೊಡ್ಡದರದ್ದೇ ಚಿಕ್ಕ ರೂಪ. ವೆಲಿಜರ್ ಥರದ ಎಳೆ ರೂಪ, ಅಂದ್ರೆ ಲಾರ್ವಾ, ಹಾಗಲ್ಲ, ಅದಕ್ಕೂ ಅದರ ತಾಯಿಗೂ ಹೋಲಿಕೆನೇ ಇರಲ್ಲ. ನಮ್ಮ ಜನ ಗೊದಮೊಟ್ಟೆನ ಕಪ್ಪೆಮರಿ ಅನ್ನದೆ ಬೇರೆ ಹೆಸರೇ ಇಟ್ಟಿದ್ದು ಇದಕ್ಕೇ. ಲ್ಯಾಟಿನ್ನಲ್ಲೂ ಲಾರ್ವಾ ಅಂದ್ರೆ ಪ್ರೇತ, ಮುಖವಾಡ. ಮುಂದೆ ಆಗೋ ರೂಪ ಮುಖವಾಡದ ಹಿಂದೆ ಇದೆ ಅಂತ. ಇಷ್ಟು ಅರ್ಥ ಹೊತ್ತಿರೋ ಪದನ ‘ಮರಿ’ ಮಾಡಿ ತೆಳ್ಳಗೆ ಮಾಡ್ಬೇಡಿ, ಲಾರ್ವಾ ಅಂತಲೇ ಬಿಡಿ. ಅಚ್ಚಗನ್ನಡ ಅಂತೀರಲ್ಲ, ಪಚ್ಚಿಲೆ ತುಳುವಿಂದ ಬಂದಿದ್ದು, ಅದಕ್ಕೆ ಯಾಕೆ ತಕರಾರು ಇಲ್ಲ? ತುಳುವಿಂದ ತಗೊಂಡ್ರೆ ಸೈ, ಲ್ಯಾಟಿನ್ನಿಂದ ತಗೊಂಡ್ರೆ ಮೈಲಿಗೆನಾ?

---

ತುಳು ನೆರೆಮನೆ ಮಾರಾಯ್ರೆ, ಲ್ಯಾಟಿನ್ ನೆರೆಮನೆ ಅಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ.

ಸ್ಪ್ಯಾಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಕಾಸರಗೋಡಿನ ಪಡನ್ನದಲ್ಲಿ ಹಿನ್ನೀರಿನೊಳಗೆ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೀತಾರೆ. ಬಂಡೆಯಿಂದ ಕಿತ್ತ ಸಣ್ಣವನ್ನ ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆ ಸುತ್ತಿ ಹೊಲೀತಾರೆ, ಅವು ಮೈಯಿಂದ ನಾರು ಹೊರಬಿಟ್ಟು ಹಗ್ಗ ಕಚ್ಚಿಕೊಳ್ಳೋ ಹೊತ್ತಿಗೆ ಬಟ್ಟೆ ಕರಗಿ ಹೋಗುತ್ತೆ. ಅಲ್ಲಿನವರು ಈ ಸಣ್ಣವಕ್ಕೆ ಮಲಯಾಳದಲ್ಲಿ ವಿತ್ತ್ ಅಂತಾರೆ. ಅವರ ವಕಾರ ನಮ್ಮ ಬಕಾರ, ವಿತ್ತ್ ಅಂದ್ರೆ ನಮ್ಮ ಬಿತ್ತು. ಮೀನಿಗೂ ನಾವು ಬಿತ್ತನೆ ಅಂತಲೇ ಹೇಳೋದು. ಪದ ಕಣ್ಣೆದುರಿಗೇ ಇದೆ.

---

ಎಲ್ರಿಗೂ ಥ್ಯಾಂಕ್ಸ್. ಹಾಯಿ ತೆಗೆದೆ. ‘ವೆಲಿಜರ್ ಲಾರ್ವಾ’ ಅಂತ ಹಾಕಿ ಕೆಳಗೆ ‘ರೋಮ ಬಡಿದು ಈಜೋ ಹಂತ’ ಅಂತ ಬರೀತೀನಿ, ಕೂತ ಮೇಲೆ ‘ಪಚ್ಚಿಲೆ ಬಿತ್ತು’. ಮರಿ ಅನ್ನೋದನ್ನ ಬಿತ್ತಿನ ಹಂತದ ವಿವರಣೆಲಿ ಬಳಸ್ತೀನಿ, ಅಷ್ಟೊತ್ತಿಗೆ ಅದು ಪುಟ್ಟ ಪಚ್ಚಿಲೆನೇ ಆಗಿರುತ್ತಲ್ಲ. ಇನ್ನೊಂದೇ ಒಂದು, ಬಂಡೆ ಹಿಡಿಯೋ ಆ ಎಳೆಗೆ ಮೇಲಿನವರು ಬರೆದ ಹಾಗೆ ನಾರು ಅಂತಲೇ ಹಾಕ್ಲಾ? ಬೋರ್ಡಿನವರು ಬೇರು ಅಂತಿದಾರೆ, ಮಕ್ಕಳು ಅದನ್ನ ಗಿಡ ಅಂದ್ಕೊಂಡ್ರೆ ಕಷ್ಟ. ನಾಳೆ ಮಧ್ಯಾಹ್ನದೊಳಗೆ ಹೇಳಿ.