ಸ್ಕಾಟ್ಲೆಂಡಿನ ಬರೋ (ಪಟ್ಟಣ) ಆಡಳಿತ, ಬಡವರ ನಿಧಿ (1800–1845): ಪ್ರಶ್ನೋತ್ತರ

ಅಡ್ಮಿನ್: ಸ್ಕಾಟ್ಲೆಂಡಿನ ಹಳೇ ದಾಖಲೆಗಳ ಮೇಲೆ ಕೆಲಸ ಮಾಡುವ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. 1845ರ ಬಡವರ ಕಾಯ್ದೆಗೆ ಮುಂಚಿನದ್ದು ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ನಿವೃತ್ತ ಮೇಷ್ಟ್ರು: ಮೇಡಂ, ಪಟ್ಟಣ ಸಭೆಯನ್ನು ಆರಿಸ್ತಿದ್ದವರು ಯಾರು?

ಮೇಡಂ: ಪಟ್ಟಣ ಸಭೆಯೇ, ಸರ್. 1469ರ ಕಾಯ್ದೆ ಪ್ರಕಾರ ಇಳಿಯುವ ಸಭೆಯೇ ಬರುವ ಸಭೆಯನ್ನು ಆರಿಸಬೇಕು. ಹಾಗಾಗಿ 66 ರಾಯಲ್ ಬರೋಗಳಲ್ಲಿ (ರಾಜನ ಸನ್ನದು ಪಡೆದ ಪಟ್ಟಣಗಳಲ್ಲಿ) ಪ್ರೊವೋಸ್ಟ್ ಅನ್ನೋ ಪಟ್ಟಣದ ಮುಖ್ಯಸ್ಥ, ಬೇಲಿ ಅನ್ನೋ ನ್ಯಾಯಾಧಿಕಾರಿ, ಖಜಾಂಚಿ ಎಲ್ಲ ಒಂದೇ ಬಳಗದೊಳಗೆ ಸುತ್ತುತ್ತಿದ್ದರು. ಪಟ್ಟಣದ ಸ್ವಂತ ಆಸ್ತಿಯ ನಿಧಿಗೆ 'ಕಾಮನ್ ಗುಡ್' ಅಂತಾರೆ. ಅದರ ಲೆಕ್ಕ ಕೇಳುವ ಹಕ್ಕು ಊರವರಿಗೆ ಹೆಸರಿಗಷ್ಟೆ. ಸಾಲ ಏರಿ 1817ರಲ್ಲಿ ಅಬರ್ಡೀನ್ ದಿವಾಳಿ, 1833ರಲ್ಲಿ ಎಡಿನ್‌ಬರೋ ದಿವಾಳಿ. ಅದೇ 1833ರ ಕಾಯ್ದೆಯಿಂದ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆಯವರಿಗೆ ಮತ ಬಂತು.

ಹುಬ್ಬಳ್ಳಿ ಹುಡುಗ: ಅಂದ್ರ 1820ರಾಗ ಜನ ಪ್ರೊವೋಸ್ಟ್‌ಗೆ ಓಟು ಹಾಕ್ತಿದ್ರೇನ್ರಿ?

ಮೇಡಂ: ಇಲ್ಲ. ಮೇಲೆ ಓದಿ.

ಗ್ಲಾಸ್ಗೋ ಕನ್ನಡತಿ: ಯಜಮಾನರ ಕಡೆ ಪೂರ್ವಿಕರೊಬ್ಬರು ಪೇಸ್ಲಿಯ ನೇಕಾರರು. 1819ರಲ್ಲಿ ಕೆಲಸ ಹೋಗಿ ಅಬ್ಬೆ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ನೆರವು ಕೇಳಿದ್ದಾರೆ. ಅರ್ಜಿ ವಜಾ. ವರ್ಕ್‌ಹೌಸ್ (ಬಡವರನ್ನು ಇರಿಸಿ ದುಡಿಸುವ ಮನೆ) ರಿಜಿಸ್ಟರ್ ಹುಡುಕಿದೆ, ಹೆಸರಿಲ್ಲ. ನಾಲ್ಕು ಮಕ್ಕಳಿದ್ದವರಿಗೂ ಯಾಕೆ ಕೊಡಲಿಲ್ಲ?

ಮೇಡಂ: ಒಳ್ಳೇ ಪ್ರಶ್ನೆ, ಬಿಡಿಸಿ ಹೇಳ್ತೀನಿ. ಇಂಗ್ಲೆಂಡಿನ ಹಾಗಲ್ಲ ಇಲ್ಲಿ. ಮುದುಕರು, ರೋಗಿಗಳು, ಅಂಗವಿಕಲರು, ಅನಾಥ ಮಕ್ಕಳಿಗೆ ಮಾತ್ರ ಹಕ್ಕು. ಕೈಕಾಲು ಗಟ್ಟಿ ಇದ್ದವನಿಗೆ ಕೆಲಸ ಇಲ್ಲ ಅನ್ನೋದು ಕಾರಣವೇ ಅಲ್ಲ, ಮಕ್ಕಳೆಷ್ಟೇ ಇರಲಿ. ಡನ್ಸ್ ಪ್ಯಾರಿಷ್‌ನ 1804ರ ತೀರ್ಪು ಬರಗಾಲದಲ್ಲಿ ತಾತ್ಕಾಲಿಕ ನೆರವಿಗೆ ಒಂದು ಕಿಂಡಿ ತೆರೆದಿತ್ತು. ಅದನ್ನೇ ನಂಬಿ ಪೇಸ್ಲಿ ನೇಕಾರರು ಶೆರೀಫ್ (ಸ್ಥಳೀಯ ನ್ಯಾಯಾಧೀಶ) ಕೋರ್ಟಿಗೆ ಹೋದರು. 1821ರಲ್ಲಿ ಎಡಿನ್‌ಬರೋದ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್ ಹೇಳಿದ್ದು: ಭೂಮಾಲೀಕರಾದ ಹೆರಿಟರ್‌ಗಳು ಮತ್ತು ಚರ್ಚಿನ ಹಿರಿಯರ ಸಭೆಯಾದ ಕಿರ್ಕ್ ಸೆಷನ್ ಸೇರಿ ಮಾಡಿದ ತೀರ್ಮಾನವನ್ನು ಶೆರೀಫ್ ತಿದ್ದುವಂತಿಲ್ಲ. ತಕರಾರಿದ್ದರೆ ಎಡಿನ್‌ಬರೋಗೇ ಬರಬೇಕು. ಒಲೆ ಹೊತ್ತದವನು ಎಡಿನ್‌ಬರೋ ವಕೀಲನನ್ನು ಎಲ್ಲಿಂದ ತರಬೇಕು?

ಈಗ ಹುಡುಕೋದು ಹೇಗೆ. ವರ್ಕ್‌ಹೌಸ್ ರಿಜಿಸ್ಟರ್ ಮುಚ್ಚಿಡಿ, ನೆರವಿನ ತೀರ್ಮಾನ ಮಾಡುತ್ತಿದ್ದದ್ದು ಹೆರಿಟರ್‌ಗಳು ಮತ್ತು ಕಿರ್ಕ್ ಸೆಷನ್. ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ದಾಖಲೆ ಸಂಗ್ರಹದಲ್ಲಿ ಕಿರ್ಕ್ ಸೆಷನ್ ನಡಾವಳಿ 'ಸಿಎಚ್2' ಸರಣಿಯಲ್ಲಿ, ಹೆರಿಟರ್‌ಗಳದ್ದು 'ಎಚ್‌ಆರ್' ಸರಣಿಯಲ್ಲಿ. ಸೆಷನ್ ಪುಸ್ತಕಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಪುಕ್ಕಟೆ ನೋಡಬಹುದು, ಇಳಿಸಿಕೊಳ್ಳೋಕೆ ಮಾತ್ರ ದುಡ್ಡು. ಹೆಸರಿನ ಸೂಚಿ ಇಲ್ಲ, ಪುಟ ಪುಟ ತಿರುವಬೇಕು. ಎಲ್ಲರೂ ಎಡವೋದು ಪ್ಯಾರಿಷ್ ವಿಚಾರದಲ್ಲಿ: ಕಾರ್ಟ್ ನದಿಯ ಪೂರ್ವದ ನ್ಯೂ ಟೌನ್ ಅಬ್ಬೆ ಪ್ಯಾರಿಷ್‌ಗೆ ಸೇರಿದ್ದು, ಪಶ್ಚಿಮದ ಹಳೇ ಪಟ್ಟಣಕ್ಕೆ ಬೇರೆ ಬರೋ ಪ್ಯಾರಿಷ್‌ಗಳು. ಅವರ ಮನೆ ಯಾವ ದಡ?

ಮಲೆನಾಡಿಗ: *ಫಾರ್ವರ್ಡ್* 🙏 ತೆರಿಗೆಯೇ ಇಲ್ಲದೆ ಬಡತನ ಗೆದ್ದ ಗ್ಲಾಸ್ಗೋ ಪಾದ್ರಿ ಥಾಮಸ್ ಚಾಮರ್ಸ್! ಖರ್ಚು 1,400 ಪೌಂಡಿನಿಂದ 280ಕ್ಕೆ! ಎಲ್ಲ ನಗರಗಳಿಗೂ ಇದೇ ಮದ್ದು!

ಮೇಡಂ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ಆ ಅಂಕಿ ಚಾಮರ್ಸ್ ಕಡೆಯವರದ್ದು. 1819ರಲ್ಲಿ ಸೇಂಟ್ ಜಾನ್ಸ್ ಪ್ಯಾರಿಷ್‌ಗೆ ಬಂದರು, 1823ರಲ್ಲಿ ಬಿಟ್ಟು ಹೋದರು, 1837ಕ್ಕೆ ಏರ್ಪಾಟೇ ನಿಂತಿತು. ಅರ್ಜಿ ಬಂದರೆ ಚರ್ಚಿನ ಡೀಕನ್ (ಬಡವರನ್ನು ನೋಡಿಕೊಳ್ಳುವ ಸೇವಕ) ಅರ್ಜಿದಾರರ ಮನೆಗೆ ಹೋಗಿ ದುಡಿಯಬಹುದಾ, ನೆಂಟರು ನೋಡಿಕೊಳ್ತಾರಾ, ನೆರೆಯವರು ಕೊಡ್ತಾರಾ ಅಂತ ಜಾಲಾಡುತ್ತಿದ್ದ. ನಿಧಿ ಕಡೇ ದಾರಿ. ಖರ್ಚು ಇಳಿದಿದ್ದು ನಿಜ ಅಂತಲೇ ಇಟ್ಟುಕೊಳ್ಳಿ, ಹಸಿವು ಇಳಿಯಿತು ಅನ್ನೋದಕ್ಕೆ ಅದರಲ್ಲಿ ಏನಿದೆ? ಆ ಪ್ಯಾರಿಷ್‌ನವರು ನಗರದ ಬಡವರ ತೆರಿಗೆಯನ್ನೂ ಕಟ್ಟುತ್ತಲೇ ಇದ್ದರು, ಅದು ಫಾರ್ವರ್ಡ್‌ನಲ್ಲಿ ಬರಲ್ಲ.

ನಿವೃತ್ತ ಮೇಷ್ಟ್ರು: ಆದ್ರೂ ದಾನದಲ್ಲಿ ಇರೋ ಮನಸ್ಸು ತೆರಿಗೇಲಿ ಇರುತ್ಯೇ?

ಹುಬ್ಬಳ್ಳಿ ಹುಡುಗ: ಮನಸ್ಸು ತಿಂದು ಹೊಟ್ಟಿ ತುಂಬತದೇನ್ರಿ ಮೇಷ್ಟ್ರ?

ನಿವೃತ್ತ ಮೇಷ್ಟ್ರು: ಮಾತಿಗೆ ಮಿತಿ ಇರಲಿ, ತಮ್ಮಾ.

ಕರಾವಳಿ ಓದುಗ: ತೆರಿಗೆ ಇಲ್ಲದ ಕಡೆ ದುಡ್ಡು ಎಲ್ಲಿಂದ ಮೇಡಂ?

ಮೇಡಂ: ಚರ್ಚ್ ಬಾಗಿಲ ತಟ್ಟೆ, ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯ ಬಾಡಿಗೆ, ಮದುವೆ ಘೋಷಣೆಯ ಶುಲ್ಕ, ಹಾದರದ ದಂಡ, ಸತ್ತವರು ಬಿಟ್ಟ ದತ್ತಿ. ಹಳೇ ದತ್ತಿಯಲ್ಲಿ 'ಪೌಂಡ್ ಸ್ಕಾಟ್ಸ್' ಅಂತಿದ್ದರೆ 12ರಿಂದ ಭಾಗಿಸಿ, ಸ್ಟರ್ಲಿಂಗ್ ಬರುತ್ತೆ. ಭಾಗಿಸದೆ ಬಡವರು ಶ್ರೀಮಂತರಾಗಿದ್ದರು ಅಂತ ಬರೆಯೋರು ಇದ್ದಾರೆ.

ಮಲೆನಾಡಿಗ: ಥಾಮಸ್ ಮನ್ರೋ ಗ್ಲಾಸ್ಗೋದವರಲ್ವಾ? ನಮ್ಮ ಕೆನರಾ ಪಂಚಾಯಿತಿ ಅಲ್ಲಿನ ಪಟ್ಟಣ ಸಭೆಯ ನಕಲು ಅಂತ ಓದಿದ್ದೆ.

ಮೇಡಂ: ಹುಟ್ಟಿದ್ದು ಗ್ಲಾಸ್ಗೋ, 1761. ಕೆನರಾ ಕಲೆಕ್ಟರ್ ಆಗಿದ್ದು 1799ರಲ್ಲಿ. ಪಂಚಾಯಿತಿ ಅದಕ್ಕೂ ಮುಂಚಿನದ್ದು. ಮಿಕ್ಕಿದ್ದು ಹಾರಿಕೆ ಮಾತು.

ಬೆಂಗಳೂರು ಸಂಶೋಧಕ: ವರ್ಕ್‌ಹೌಸ್ ರಿಜಿಸ್ಟರ್ ಎಲ್ಲಿ ಸಿಗುತ್ತೆ?

ಮೇಡಂ: ಅದು ಬೇಡ, ಸೆಷನ್ ಪುಸ್ತಕ ನೋಡಿ, ಮೇಲೆ ಹೇಳಿದ್ದೀನಿ.

ಹುಬ್ಬಳ್ಳಿ ಹುಡುಗ: ಯಾರೂ ಮ್ಯಾಲಿಂದು ಓದಂಗೇ ಇಲ್ಲ 😂

ಬೆಂಗಳೂರು ಸಂಶೋಧಕ: ನಿಮ್ಮನ್ನ ಕೇಳಿಲ್ಲ.

ಅಡ್ಮಿನ್: ಇಬ್ಬರೂ ಸಾಕು.

ಗ್ಲಾಸ್ಗೋ ಕನ್ನಡತಿ: ಮೇಡಂ, ವಿಳಾಸ ಸಿಕ್ತು. ಹೈ ಸ್ಟ್ರೀಟ್.

ಮೇಡಂ: ಹೈ ಸ್ಟ್ರೀಟ್ ಹಳೇ ಪಟ್ಟಣದೊಳಗೆ, ಅಬ್ಬೆ ಪ್ಯಾರಿಷ್ ಅಲ್ಲ. ಹಾಗಾದರೆ ವಜಾಕ್ಕೆ ಬೇರೆ ಕಾರಣವೂ ಇರಬಹುದು. ನೆರವಿನ ಹೊಣೆ ಮೂರು ವರ್ಷ ನೆಲೆಸಿದ ಪ್ಯಾರಿಷ್‌ನದ್ದು. ಹೈ ಸ್ಟ್ರೀಟಿಗೆ ಬರೋ ಮುಂಚೆ ನದಿಯಾಚೆ ಇದ್ದರಾ ನೋಡಿ. ಮಕ್ಕಳ ಬ್ಯಾಪ್ಟಿಸಂ ಯಾವ ಪ್ಯಾರಿಷ್ ಪುಸ್ತಕದಲ್ಲಿದೆ ಅನ್ನೋದನ್ನು ವರ್ಷದ ಪ್ರಕಾರ ಜೋಡಿಸಿದರೆ ಗೊತ್ತಾಗುತ್ತೆ. ವಜಾ ಅಂತ ಬರೆದ ಸಾಲಿನ ಫೋಟೋ ಹಾಕಿ, ಆಮೇಲೆ ಹೇಳ್ತೀನಿ.