ಪಾಕದಲ್ಲಿ ಬೇಯಿಸುವ ಪೀಚ್: ಸಿಪ್ಪೆ ಬಿಡುತ್ತಿಲ್ಲ, ಅಂಚು ಕರಗುತ್ತದೆ, ನಡುವೆ ಗಟ್ಟಿ

ಪ್ರಶ್ನೆ:

ನಮಸ್ಕಾರ. ಊಟದ ನಂತರದ ಸಿಹಿಗೆಂದು ತಾಜಾ ಪೀಚ್ ಹಣ್ಣುಗಳನ್ನು ಸಕ್ಕರೆ ಪಾಕದಲ್ಲಿ ಬೇಯಿಸುವಾಗ ಒಂದೇ ಪಾತ್ರೆಯ ಹಣ್ಣುಗಳು ಒಂದೊಂದು ರೀತಿಯಾಗುತ್ತಿವೆ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೂ ಕೆಲವು ಹಣ್ಣುಗಳ ಸಿಪ್ಪೆ ಬಿಡುವುದೇ ಇಲ್ಲ. ಹೋಳು ಮಾಡಲು ತಿರುಚಿದರೆ ಗೊರಟಿನ ಜೊತೆಗೆ ತಿರುಳೂ ಕಿತ್ತು ಬರುತ್ತದೆ. ಬೆಂದ ಮೇಲೆ ನೋಡಿದರೆ ಅಂಚು ಕರಗಿ ಎಳೆಎಳೆಯಾಗಿರುತ್ತದೆ, ನಡುಭಾಗ ಗಟ್ಟಿಯಾಗಿಯೇ ಇರುತ್ತದೆ, ಪಾಕದ ಮೇಲೆ ತೇಲುವ ಭಾಗ ಕಂದು ಬಣ್ಣಕ್ಕೆ ತಿರುಗಿರುತ್ತದೆ. 1 ಲೀಟರ್ ನೀರಿಗೆ 1 ಕಿಲೋ ಸಕ್ಕರೆ ಹಾಕಿ, ಜೋರಾಗಿ ಕುದಿಸುತ್ತಾ 15 ನಿಮಿಷ ಬೇಯಿಸುತ್ತೇನೆ. ಸಮಯವನ್ನು ಹೆಚ್ಚಿಸಬೇಕೇ, ತಗ್ಗಿಸಬೇಕೇ, ದಯವಿಟ್ಟು ತಿಳಿಸಿ.

ಮೊದಲ ಉತ್ತರ:

ನಮಸ್ಕಾರ. ಸಮಯದ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಹಣ್ಣಿನ ಹದಕ್ಕೂ ಉರಿಯ ಹದಕ್ಕೂ ಸೇರಿದವು.

ಸಿಪ್ಪೆ ಬಿಡದ ಹಣ್ಣು ಇನ್ನೂ ಮಾಗಿಲ್ಲ. ಕೆಂಪು ಬಣ್ಣ ನೋಡಿ ಮಾಗಿದೆ ಎಂದುಕೊಳ್ಳಬೇಡಿ. ಕೆಂಪು ಆಯಾ ತಳಿಗೂ ಅದರ ಮೇಲೆ ಬಿದ್ದ ಬಿಸಿಲಿಗೂ ಸಂಬಂಧಿಸಿದ್ದು. ನೋಡಬೇಕಾದದ್ದು ಕೆಂಪು ಇಲ್ಲದ ಕಡೆಯ, ಅದರಲ್ಲೂ ತೊಟ್ಟಿನ ಸುತ್ತಲಿನ ಬಣ್ಣವನ್ನು. ಅಲ್ಲಿ ಹಸಿರು ಛಾಯೆ ಪೂರ್ತಿ ಹೋಗಿ ಹಳದಿ ಅಥವಾ ಕೆನೆ ಬಣ್ಣ ಬಂದಿರಬೇಕು, ತೊಟ್ಟಿನ ಬಳಿ ಪರಿಮಳವಿರಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸು ಬಾಗಬೇಕು. ಪಾಕಕ್ಕೆ ಇದೇ ಸರಿಯಾದ ಹದ. ಇದಕ್ಕಿಂತ ಮೆತ್ತಗಾದ ಹಣ್ಣನ್ನು ಹಾಗೆಯೇ ತಿನ್ನುವುದು ಮೇಲು. ಕಿತ್ತ ನಂತರವೂ ಪೀಚ್ ಮೆತ್ತಗಾಗುತ್ತದೆ, ಪರಿಮಳವೂ ಬರುತ್ತದೆ, ಆದರೆ ಅದರ ಸಿಹಿ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ.

ಹದವಾದ ಹಣ್ಣಿನ ತಳದಲ್ಲಿ, ತಿರುಳಿಗೆ ತಾಗದಂತೆ, ಚಾಕುವಿನ ಮೊನೆಯಿಂದ ಅಡ್ಡ-ಉದ್ದ ಗೀರು ಹಾಕಿ, ಕುದಿಯುವ ನೀರಿನಲ್ಲಿ 30ರಿಂದ 60 ಸೆಕೆಂಡು ಮುಳುಗಿಸಿ, ಕೂಡಲೇ ಐಸ್ ನೀರಿಗೆ ಹಾಕಿ. ಗೀರಿನ ನಾಲ್ಕು ಮೂಲೆಗಳು ತಾವಾಗಿಯೇ ಸುರುಳಿಯಂತೆ ಮೇಲೇಳುತ್ತವೆ. ಅಲ್ಲಿಂದ ಹಿಡಿದು ಎಳೆದರೆ ಸಿಪ್ಪೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಬಾರದಿದ್ದರೆ ನೀರಿನಲ್ಲಿ ಇನ್ನಷ್ಟು ಹೊತ್ತು ಬಿಡಬೇಡಿ, ಹೊರಮೈ ಬೆಂದುಹೋಗುತ್ತದೆ.

ಗೊರಟಿನ ವಿಷಯದಲ್ಲಿ ನಿಮ್ಮ ಕೈಯ ತಪ್ಪೇನೂ ಇಲ್ಲ. ಪೀಚ್‌ನಲ್ಲಿ ಗೊರಟು ಸುಲಭವಾಗಿ ಬಿಡುವ ತಳಿಗಳೂ ಇವೆ, ತಿರುಳಿಗೆ ಅಂಟಿಕೊಂಡೇ ಇರುವ ತಳಿಗಳೂ ಇವೆ. ಅಂಟಿಕೊಂಡ ಹಣ್ಣನ್ನು ತಿರುಚಲು ಹೋಗದೆ ಇಡಿಯಾಗಿಯೇ ಬೇಯಿಸಿ, ಇಲ್ಲವೇ ಗೊರಟಿನವರೆಗೆ ಸೀಳಿ ಉದ್ದ ಹೋಳುಗಳಾಗಿ ಬಿಡಿಸಿಕೊಳ್ಳಿ.

ಇನ್ನು ಪಾಕ. ನಿಮ್ಮ ಅಳತೆ ತೀರಾ ಗಟ್ಟಿಯಾಯಿತು. ಅಷ್ಟು ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುವುದರಿಂದ ಹಣ್ಣು ಕುಗ್ಗಿ ಬಿಗಿಯುತ್ತದೆ. ತೀರಾ ಕಡಿಮೆ ಹಾಕಿದರೆ ಹಣ್ಣಿನ ರುಚಿಯೇ ನೀರಿಗೆ ಇಳಿದುಹೋಗುತ್ತದೆ. 1 ಲೀಟರ್ ನೀರಿಗೆ 400ರಿಂದ 500 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಇಷ್ಟವಿದ್ದರೆ ಸೀಳಿದ ಅರ್ಧ ವೆನಿಲ್ಲಾ ಕೋಡು ಸಾಕು. ಅಲ್ಯೂಮಿನಿಯಂ ಪಾತ್ರೆ ಹುಳಿಯೊಂದಿಗೆ ವರ್ತಿಸುತ್ತದೆ, ಸ್ಟೀಲ್ ಬಳಸಿ.

ಅಂಚು ಕರಗಿ ನಡುಭಾಗ ಗಟ್ಟಿಯಾಗಿ ಉಳಿಯಲು ಮುಖ್ಯ ಕಾರಣ ಜೋರು ಕುದಿ. ಶಾಖ ಒಳಗೆ ತಲುಪುವಷ್ಟರಲ್ಲಿ ಹೊರಗಿನ ಪೆಕ್ಟಿನ್ (ತಿರುಳಿನ ಕೋಶಗಳನ್ನು ಒಟ್ಟಿಗೆ ಹಿಡಿದಿಡುವ ಅಂಟು) ಕರಗಿರುತ್ತದೆ, ಕುದಿಯ ಹೊಡೆತಕ್ಕೆ ಮೆತ್ತಗಾದ ಅಂಚು ಹರಿಯುತ್ತದೆ. ಸಕ್ಕರೆ ಕರಗಿ ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ, ಪಾಕವನ್ನು 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಥರ್ಮಾಮೀಟರ್ ಇಲ್ಲದಿದ್ದರೆ, ತಳದಿಂದ ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಎಂದು ತಿಳಿಯಿರಿ. ತೇಲುವ ಹೋಳುಗಳ ಮೇಲೆ ಪಾತ್ರೆಯ ಬಾಯಿಯಳತೆಗೆ ಕತ್ತರಿಸಿದ ಬೇಕಿಂಗ್ ಪೇಪರನ್ನು ಪಾಕಕ್ಕೆ ತಾಗುವಂತೆ ಹೊದಿಸಿದರೆ ಗಾಳಿ ತಗಲುವುದಿಲ್ಲ, ಕಂದಾಗುವುದೂ ತಪ್ಪುತ್ತದೆ. ಹದವಾದ ಹಣ್ಣಿನ ಅರ್ಧ ಹೋಳುಗಳು 5ರಿಂದ 10 ನಿಮಿಷದಲ್ಲಿ ಬೇಯುತ್ತವೆ, ಗಟ್ಟಿಯವು ಇನ್ನೂ ಹತ್ತು ನಿಮಿಷ ತೆಗೆದುಕೊಳ್ಳಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕಬೇಡಿ. ಚೂಪಾದ ಚಾಕುವಿನ ಮೊನೆ ದಪ್ಪನೆಯ ಭಾಗಕ್ಕೆ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದರ್ಥ. ತುಸು ಮೊದಲೇ ಒಲೆ ಆರಿಸಿ. ಪಾಕದಲ್ಲೇ ಆರುವಾಗ ಉಳಿದದ್ದು ಬೇಯುತ್ತದೆ.

ಎರಡನೆಯ ಉತ್ತರ:

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಸಿಪ್ಪೆಯನ್ನು ಮೊದಲೇ ತೆಗೆಯುವುದನ್ನು ಒಪ್ಪಲಾರೆ. ಸಿಪ್ಪೆಯ ಸಮೇತ ಬೇಯಿಸಿದರೆ ಅದರ ಕೆಂಪು ಪಾಕಕ್ಕೂ ತಿರುಳಿಗೂ ಇಳಿದು, ಬಿಳಿ ತಿರುಳಿನ ಪೀಚ್ ಕೂಡ ತಿಳಿಗುಲಾಬಿ ಬಣ್ಣಕ್ಕೆ ಬರುತ್ತದೆ, ಅಂಚೂ ಹರಿಯುವುದಿಲ್ಲ. ಬೆಚ್ಚಗಿರುವಾಗಲೇ ಬೆರಳಿನಿಂದ ಸರಿಸಿದರೆ ಸಿಪ್ಪೆ ಜಾರಿ ಬರುತ್ತದೆ. ಗೊರಟಿನ ಸುತ್ತ ಗಾಢ ಕೆಂಪು ಇರುವ ಹಣ್ಣಾದರೆ ಆ ಭಾಗ ಬೆಂದ ಮೇಲೆ ಮಾಸಲು ಕಂದಾಗಿ ಕಾಣುತ್ತದೆ. ಅದು ಕೆಟ್ಟದ್ದಲ್ಲ, ಬೇಡವೆನಿಸಿದರೆ ಚಮಚದಿಂದ ಮೊದಲೇ ಕೆರೆದುಬಿಡಿ. ಪರಿಮಳಕ್ಕೆಂದು ಗೊರಟನ್ನು ಒಡೆದು ಒಳಗಿನ ಬೀಜವನ್ನು ಪಾಕಕ್ಕೆ ಹಾಕುವ ರೂಢಿ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿರುವ ಅಮಿಗ್ಡಾಲಿನ್ ಎಂಬ ವಸ್ತುವಿನಿಂದ ಸಯನೈಡ್ ವಿಷ ಉಂಟಾಗುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಸಿಪ್ಪೆಯೊಂದಿಗೆ ಸಣ್ಣ ಉರಿಯಲ್ಲಿ ಬೇಯಿಸಿದೆ. ಅಂಚು ಹಾಗೆಯೇ ನಿಂತಿತು, ಬಣ್ಣವೂ ಚೆನ್ನಾಗಿ ಬಂತು. ಆದರೆ ಕೆಲವು ಹೋಳುಗಳು ರಸವೇ ಇಲ್ಲದೆ ಬಾಯಲ್ಲಿ ಹಿಟ್ಟುಹಿಟ್ಟಾದವು. ಅವು ಗಟ್ಟಿಯಿದ್ದಾಗಲೇ ಫ್ರಿಜ್‌ನಲ್ಲಿಟ್ಟಿದ್ದ ಹಣ್ಣುಗಳು.

ಮೊದಲ ಉತ್ತರ ಬರೆದವರು:

ಕಾರಣ ಆ ಫ್ರಿಜ್ಜೇ ಇರಬೇಕು. ಮಾಗದ ಪೀಚ್ ಸುಮಾರು 2ರಿಂದ 8 ಡಿಗ್ರಿಯ ತಂಪಿನಲ್ಲಿ ಹಲವು ದಿನ ಕುಳಿತರೆ ಅದರ ಪೆಕ್ಟಿನ್ ಸರಿಯಾಗಿ ಬದಲಾಗುವುದಿಲ್ಲ; ಹೊರಗಿಟ್ಟು ಮಾಗಿಸಿದಾಗ ರಸ ಬಾರದೆ ತಿರುಳು ಹಿಟ್ಟಾಗುತ್ತದೆ. ಅದನ್ನು ಯಾವ ಪಾಕವೂ ಸರಿಪಡಿಸದು. ಅಂಥ ಹಣ್ಣನ್ನು ರುಬ್ಬಿ ಸಾಸ್ ಮಾಡಿಕೊಳ್ಳಿ. ಮುಂದೆ ಹಣ್ಣುಗಳನ್ನು ಒಂದರ ಮೇಲೊಂದು ಪೇರಿಸದೆ, ತೊಟ್ಟು ಕೆಳಗಾಗಿ, ಹೊರಗೇ ಮಾಗಲು ಬಿಡಿ; ಮಾಗಿದ ಮೇಲೆ ಒಂದೆರಡು ದಿನ ಫ್ರಿಜ್‌ನಲ್ಲಿಡಬಹುದು.

ಪ್ರಶ್ನೆ ಕೇಳಿದವರು:

ಅರ್ಥವಾಯಿತು. ಉಳಿದ ಪಾಕವನ್ನು ಏನು ಮಾಡಲಿ?

ಎರಡನೆಯ ಉತ್ತರ ಬರೆದವರು:

ಹೋಳುಗಳು ಮುಳುಗುವಷ್ಟು ಪಾಕವನ್ನು ಅವುಗಳ ಜೊತೆಗೇ ಮುಚ್ಚಿ ಫ್ರಿಜ್‌ನಲ್ಲಿಡಿ. ಮೂರ್ನಾಲ್ಕು ದಿನ ಚೆನ್ನಾಗಿರುತ್ತವೆ, ಮರುದಿನ ರುಚಿ ಇನ್ನೂ ಹೆಚ್ಚು. ಮಿಕ್ಕದ್ದನ್ನು ಸೋಸಿ, ಹಣ್ಣಿಲ್ಲದೆ, ಈಗ ಬೇಕಾದರೆ ಜೋರಾಗಿಯೇ ಕುದಿಸಿ ಅರ್ಧಕ್ಕೆ ಇಳಿಸಿ. ಆರಿದ ಮೇಲೆ ಚಮಚದ ಬೆನ್ನಿಗೆ ತೆಳುವಾಗಿ ಅಂಟುವಷ್ಟಾದರೆ, ಬಡಿಸುವಾಗ ಹೋಳಿನ ಮೇಲೆ ಸುರಿಯಲು ಸರಿಯಾಗುತ್ತದೆ. ಸಿಹಿ ಹೆಚ್ಚೆನಿಸಿದರೆ ಕೊನೆಯಲ್ಲಿ ಕೆಲವು ಹನಿ ನಿಂಬೆರಸ ಸೇರಿಸಿ.